ಪರದೆಯ ಅಡಿಯಲ್ಲಿ ಹರಿದ ಮಾತು

ಕೇಳುವವನಿಗೆ ಕಿವಿಯನ್ನೂ, ಕೇಳದವನಿಗೆ ಓದುವ ಕಣ್ಣನ್ನೂ ಇತ್ತ ಪರಮದಯಾಳುವಿಗೆ ಸ್ತುತಿ. ನಾಲಗೆಗೆ ಹಲ್ಲಿನ ಬೇಲಿ ಕಟ್ಟಿದವನು ಅವನು. ಬೇಲಿ ಹಾರುವ ವಿದ್ಯೆ ಮಾತ್ರ ನಮ್ಮದೇ.

ಕೈರೋದ ಶುಬ್ರಾ ಬಡಾವಣೆಯ ವಗ್ದಿ ಎಂಬ ಯುವಕ ಟಿವಿ ಕೇಂದ್ರವೊಂದರಲ್ಲಿ, ಕಿವಿ ಕೇಳದವರಿಗಾಗಿ ಮಾತನ್ನು ಅಕ್ಷರವಾಗಿಸುವ ಕೆಲಸದಲ್ಲಿದ್ದ. ನೇರಪ್ರಸಾರದ ಮಾತನ್ನು ಕೇಳುತ್ತಲೇ ಅದನ್ನು ಮೈಕಿಗೆ ಬಿಡಿಬಿಡಿಯಾಗಿ ಮರುನುಡಿಯಬೇಕು. ಯಂತ್ರವು ಅವನ ದನಿಯನ್ನು ಅಕ್ಷರವಾಗಿಸಿ ಪರದೆಯ ಅಡಿಯಲ್ಲಿ ಹರಿಸುತ್ತದೆ. ಸದ್ದುಗಳಾದರೆ ಕಂಸದೊಳಗೆ: (ಎಣ್ಣೆ ಚುರ್ರೆನ್ನುವ ಸದ್ದು). ಸ್ವಂತ ಮಾತಾಡುವ ಮುನ್ನ ಗುಂಡಿ ಒತ್ತಿ ಮೈಕನ್ನು ಮುಚ್ಚುವುದು ಈ ವೃತ್ತಿಯ ಪ್ರಥಮ ಧರ್ಮ.

ಅಂದು ರಂಜಾನಿನ ಇಳಿಹೊತ್ತು. ಇಫ್ತಾರಿನ ಬಳಿಕ ವಗ್ದಿ ತನ್ನ ಮನದನ್ನೆ ನವಾಲಳನ್ನು ಹೆಣ್ಣು ಕೇಳಲು ಹೋಗುವವನಿದ್ದ. ಅವಳ ತಂದೆ ಹಾಜಿ ಶವ್ಕತರಿಗೆ ಕಿವಿ ಕೇಳದು. ವಗ್ದಿ ಅಕ್ಷರ ಹರಿಸುವ ಅಡುಗೆ ಕಾರ್ಯಕ್ರಮವನ್ನು ಅವರು ನಮಾಜಿನಷ್ಟೇ ನಿಷ್ಠೆಯಿಂದ ನೋಡುತ್ತಿದ್ದರು.

ಪರದೆಯಲ್ಲಿ ಬದನೆಕಾಯಿ ಎಣ್ಣೆಯಲ್ಲಿ ಬೇಯುತ್ತಿತ್ತು. ಉಪವಾಸದ ತಲೆ ಗಿರ್ರೆನ್ನುತ್ತಿತ್ತು. ಆಗ ಸಹೋದ್ಯೋಗಿ ತಹಾನಿ ಬಾಗಿಲಲ್ಲಿ ಇಣುಕಿದಳು.

“ಏನೋ ಮದುಮಗನೇ, ಮಾವನ ಮನೆಗೆ ಏನು ಒಯ್ತೀಯೋ?”

“ಒಂದು ಕಿಲೋ ಬಸ್ಬೂಸಾ ಮಿಠಾಯಿ, ಅಕ್ಕ.”

“ಒಂದೇ ಕಿಲೋಗೆ ಹೆಣ್ಣು ಕೊಡ್ತಾರೇನೋ?”

“ಹಾಜಿ ಶವ್ಕತ್ ಎಂಥಾ ಜಿಪುಣ ಗೊತ್ತಾ? ಸಕ್ಕರೆ ಡಬ್ಬಿಗೇ ಬೀಗ ಹಾಕ್ತಾನೆ! ಮುಖವೋ, ಹಳೇ ಉಪ್ಪಿನಕಾಯಿ. ಮಗಳು ಚೆಂದ ಅಂತ ಸಹಿಸ್ಕೋಬೇಕು, ಅಷ್ಟೇ.”

ತಹಾನಿಯ ಕಣ್ಣು ಪರದೆಯತ್ತ ಹೊರಳಿತು. “ಅಯ್ಯೋ ಪಾಪಿ, ಗುಂಡಿ ಒತ್ತಿಲ್ವೇನೋ! ಮೇಲೆ ಬದನೆಕಾಯಿ ಬೇಯ್ತಿದೆ, ಕೆಳಗೆ ನಿನ್ನ ಮಾವ ಬೇಯ್ತಿದಾನೆ ನೋಡೋ!”

“ದೇವರೇ, ಮುಗೀತು ನನ್ನ ಕತೆ!” ಎಂದು ವಗ್ದಿ ಚೀರಿದ. ಅದೂ ಪರದೆಯ ಅಡಿಯಲ್ಲಿ ಸಾವಧಾನವಾಗಿ ಹರಿದುಹೋಯಿತು.

ಒಂದು ಕಿಲೋ ಬಸ್ಬೂಸಾ ಐದು ಕಿಲೋ ಆಯಿತು. ಬಲಿಯ ಕುರಿಯಂತೆ ಹೊಸಿಲು ದಾಟಿದವನನ್ನು ಹಾಜಿಗಳು ತೋಳು ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

“ಎಲ್ಲಾ ಓದಿದೆ ಮಗನೇ. ಡಬ್ಬಿಗೆ ಬೀಗ ಇರೋದು ನಿಜ. ಕಿವಿ ಹೋದಾಗಿಂದ ಈ ಮನೇಲಿ ಎಲ್ಲರೂ ನನ್ನೆದುರೇ ಏನೋ ಅಂದ್ಕೊಂಡು ನಗ್ತಾರೆ. ಏನು ಅಂತ ಕೇಳಿದ್ರೆ ‘ಏನಿಲ್ಲ’ ಅಂತ ಕೈಯಾಡಿಸ್ತಾರೆ. ನನ್ನ ಬಗ್ಗೆ ಆಡಿದ್ದನ್ನ ನನಗೇ ಅಕ್ಷರದಲ್ಲಿ ತೋರಿಸಿದ ಮೊದಲನೇ ಮನುಷ್ಯ ನೀನು. ಹೆಣ್ಣು ಕೊಟ್ಟೆ! ಒಂದೇ ಷರತ್ತು: ಇಲ್ಲೇ ಬಂದು ಇರಬೇಕು. ಈ ಮನೇಲಿ ಯಾರು ಏನಂದ್ರೂ ನನಗೆ ಬರೆದು ತೋರಿಸಬೇಕು.”

ಅತ್ತೆಯ ಕೈಯಿಂದ ತಟ್ಟೆ ಜಾರಿತು. ನವಾಲಳ ಮುಖ ಸುಣ್ಣವಾಯಿತು.

“ಅಮ್ಮಾ, ಇವನು ಬಂದ್ರೆ ನಾವು ಬಾಯಿ ತೆರೆಯೋ ಹಾಗೇ ಇಲ್ಲ! ನನಗೆ ಬೇಡ ಈ ಗಂಡು!” ಎಂದವಳೇ ದಡದಡನೆ ಒಳಗೆ ನಡೆದಳು.

ಹಾಜಿಗಳು ಉತ್ಸಾಹದಿಂದ ಕಾಗದ, ಪೆನ್ಸಿಲು ಮುಂದೆ ತಳ್ಳಿದರು. “ಏನಂದ್ಲು? ಹೂಂ, ಶುರು ಮಾಡು!”

ವಗ್ದಿ ಕಂಸ ತೆರೆದು, ಬರೆದು, ಕಂಸ ಮುಚ್ಚಿದ:

(ಬಾಗಿಲು ಬಡಿದ ಸದ್ದು)

ಈ ಕತೆ ಕೇಳಿದವರಿಗೆ, ಕೇಳಲಾಗದೆ ಓದಿದವರಿಗೆ ಒಳಿತಾಗಲಿ. ಅವರ ನಾಲಗೆಗೆ ಸಕಾಲದಲ್ಲಿ ಗುಂಡಿ ಸಿಗಲಿ, ಅವರ ಸಕ್ಕರೆ ಡಬ್ಬಿ ಬೀಗವಿಲ್ಲದೆ ತುಂಬಿರಲಿ. ಆಮೀನ್.