ಹೋಗದ ನೆಂಟನ ಕಂತು

ನನ್ನನ್ನು ನಗಿಸುವುದು ಕಷ್ಟದ ಕೆಲಸವಲ್ಲ. ಹಿಂದೆ ನಕ್ಕಿದ್ದ ಮಾತನ್ನೇ ಇನ್ನೊಮ್ಮೆ ಹೇಳಿದರೆ ಸಾಕು, ಮೊದಲಿಗಿಂತ ಜೋರಾಗಿ ನಗುತ್ತೇನೆ. ಹೊಸ ಹಾಸ್ಯವೆಂದರೆ ಸ್ವಲ್ಪ ಭಯ. ಎಲ್ಲಿ ನಗಬೇಕೆಂದು ಗೊತ್ತಾಗದೆ ಪಕ್ಕದವರ ಮುಖ ನೋಡಬೇಕಾಗುತ್ತದೆ. ಹಳೆಯದಾದರೆ ಆ ತಾಪತ್ರಯವಿಲ್ಲ. ಅದಕ್ಕೇ ಇರಬೇಕು, ಶನಿವಾರ ಸಂಜೆ ಟೀವಿಯಲ್ಲಿ ಬರುತ್ತಿದ್ದ ಒಂದು ಹಾಸ್ಯ ಧಾರಾವಾಹಿಯನ್ನು ನಾನು ವರ್ಷಗಟ್ಟಲೆ ಬಿಡದೆ ನೋಡಿದ್ದು.

ಆಗ ನಾವು ಹುಣಸೂರಿನಲ್ಲಿ ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಶಾಲೆಯಲ್ಲಿ ಟೀಚರು. ನಮ್ಮ ಬೀದಿಗೆ ಕೇಬಲ್ ಇನ್ನೂ ಬಂದಿರಲಿಲ್ಲ; ಹಿತ್ತಿಲಲ್ಲಿ ನೆಟ್ಟಿದ್ದ ಆಂಟೆನಾ ಕಂಬವೇ ಗತಿ. ಆ ಧಾರಾವಾಹಿಯಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಸೋಫಾ. ಕಥೆಗಳು ಮೂರೋ ನಾಲ್ಕೋ ಇದ್ದವು. ಅವೇ ಸೀರೆ ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಒಂದು ವಾರ ಗಂಡನ ಮೇಲಧಿಕಾರಿ ಊಟಕ್ಕೆ ಬರುತ್ತಿದ್ದ, ಇನ್ನೊಂದು ವಾರ ಹೆಂಡತಿಯ ಹುಟ್ಟುಹಬ್ಬ ಗಂಡನಿಗೆ ಮರೆತುಹೋಗುತ್ತಿತ್ತು. ಯಾವ ಕಥೆಯಾದರೂ ನಡುವೆ ಒಮ್ಮೆ ಪಕ್ಕದ ಮನೆಯಾಕೆ ಲೋಟ ಹಿಡಿದು ಬಂದು “ಒಂಚೂರು ಕಾಫಿಪುಡಿ ಇದೆಯಾ?” ಎಂದು ಕೇಳಲೇಬೇಕು. ನಮ್ಮ ಯಜಮಾನರು “ಇವರಿಗೆ ಬೇರೆ ಏನೂ ಹೊಳೆಯಲ್ವಾ?” ಎಂದು ಗೊಣಗುತ್ತಿದ್ದರು, ಆದರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಇವುಗಳಲ್ಲೆಲ್ಲ ಹೆಚ್ಚು ಸಲ ಬಂದದ್ದು ಹೋಗದ ನೆಂಟನ ಕಥೆ. ಎರಡು ದಿನಕ್ಕೆಂದು ಬಂದ ನೆಂಟ ಬೇರು ಬಿಡುತ್ತಾನೆ. ಅವನನ್ನು ಓಡಿಸಲು ಹೆಂಡತಿ ಕಾಫಿಗೆ ಉಪ್ಪು ಹಾಕುತ್ತಾಳೆ. ಅವನು ಚಪ್ಪರಿಸಿಕೊಂಡು ಕುಡಿಯುತ್ತಾನೆ. ಗಂಡ ಹೆಂಡತಿ ಸುಳ್ಳು ಜಗಳ ಆಡುತ್ತಾರೆ. ಅವನು ರಾಜಿ ಮಾಡಿಸುತ್ತಾನೆ. ಕೊನೆಗೆ ಮನೆಯ ಮಾಲೀಕನನ್ನು ಕರೆಸಿ “ಮನೆ ಖಾಲಿ ಮಾಡಿ” ಎನ್ನಿಸಿದಾಗ ಬ್ಯಾಗು ಹಿಡಿದು ಓಡುತ್ತಾನೆ. ಪ್ರತಿ ಸಲವೂ ಇಷ್ಟೇ. ನೆಂಟನ ಮೀಸೆ ಮಾತ್ರ ಬೇರೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ರಾವಂದೂರಿನಿಂದ ನಮ್ಮ ಚಿಕ್ಕಮಾವ ಬಂದರು. ನಮ್ಮ ಯಜಮಾನರ ಚಿಕ್ಕಪ್ಪ. ಹೊಗೆಸೊಪ್ಪು ಬೆಳೆಯುವ ರೈತರು. ಇದ್ದಬದ್ದ ಹಲ್ಲು ಕೀಳಿಸಿ, ಹುಣಸೂರಿನ ಡಾಕ್ಟರ ಹತ್ತಿರ ಕಟ್ಟಿಸಿದ ಹಲ್ಲು ಹಾಕಿಸಿಕೊಳ್ಳುವುದು ಅವರ ಕಾರ್ಯಕ್ರಮ. “ಮುದ್ದೆ ನುಂಗಕ್ಕೆ ಹಲ್ಲು ಯಾಕವ್ವ? ಕೋಳಿ ಮೂಳೆ ಕಡಿಯಕ್ಕೆ ಬೇಕು ನೋಡು” ಎಂದು ವಿವರಿಸಿದರು. ಡಾಕ್ಟರು ಸೋಮವಾರ ಕೊಡುತ್ತೇನೆ ಎಂದರು. ಆ ಸೋಮವಾರ ಮೇಲಿನ ಸಾಲು ಸರಿಹೋಯಿತು, ಕೆಳಗಿನದು ಕುಣಿಯಿತು. ಮುಂದಿನ ಸೋಮವಾರ ಕೆಳಗಿನದು ಕೂತಿತು, ಮೇಲಿನದು ಜಾರಿತು. ಹೀಗೆ ಸೋಮವಾರಗಳು ಕಳೆದು ತಿಂಗಳ ಮೇಲಾಯಿತು. ನನಗೇನೂ ಬೇಸರವಿರಲಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸಿಕೊಡುತ್ತಿದ್ದರು, ಸಾರು ಹೇಗಿದ್ದರೂ ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಇಂಥ ನೆಂಟರು ಯಾರಿಗೆ ಬೇಡ?

ಒಂದು ಶನಿವಾರ ಟೀವಿ ಹಾಕಿದರೆ, ಬಾಗಿಲು ತೆರೆದು ಒಳಗೆ ಬಂದವನು ನೆಂಟ! ಚಿಕ್ಕಮಾವ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ನಾನು ಯಜಮಾನರಿಗೆ ಕಣ್ಸನ್ನೆ ಮಾಡಿದೆ. ಅವರು ಹಿತ್ತಿಲಿಗೆ ಓಡಿ ಆಂಟೆನಾ ತಿರುಗಿಸಿ, ಪರದೆಯ ತುಂಬ ರವೆ ಚೆಲ್ಲಿದ ಹಾಗೆ ಮಾಡಿದರು. “ಲೇ ಮಾದೇವ, ಸಾಕು ಕಣ್ಲಾ ತಿರುಗ್ಸಿದ್ದು! ನೆಂಟನೇ ಕಾಣಿಸ್ತಾ ಇಲ್ಲ!” ಎಂದು ಚಿಕ್ಕಮಾವ ಕೂಗಿದರು. ಬೇರೆ ದಾರಿಯಿಲ್ಲದೆ ನೆಂಟನನ್ನು ವಾಪಸು ತರಬೇಕಾಯಿತು. ಉಪ್ಪಿನ ಕಾಫಿ ಬಂದಾಗ ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಎಂಥಾ ನಾಚ್ಕೆಗೆಟ್ಟೋನು ಕಣವ್ವ ಇವ್ನು! ಇಷ್ಟಾದ್ರೂ ಓಗ್ನಿಲ್ವಲ್ಲ!” ನಾವಿಬ್ಬರೂ ನೆಲ ನೋಡುತ್ತ ಕೂತೆವು. ಊಟದ ಹೊತ್ತಿಗೆ ಅವರ ನಗು ಇಳಿದಿತ್ತು. ಯಾರೂ ಕೇಳದಿದ್ದರೂ, “ಈ ಸೋಮವಾರ ಕೊಟ್ಟೇ ಕೊಡ್ತೀನಿ ಅಂದವ್ನೆ ಡಾಕ್ಟ್ರು” ಎಂದರು. ಆ ಮಾತು ನನ್ನನ್ನು ಚುಚ್ಚಿತು.

ಮರುದಿನ ಬೆಳಿಗ್ಗೆ ಅವರಿಗೆಂದೇ ಗಟ್ಟಿ ಹಾಲಿನಲ್ಲಿ ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖ ನೋಡಿದರು. ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು, “ಚೆನ್ನಾಗದೆ ಕಣವ್ವ” ಎಂದು ಲೋಟ ಕೆಳಗಿಟ್ಟರು. ನನ್ನ ಲೋಟ ಬಾಯಿಗಿಟ್ಟಾಗ ಗೊತ್ತಾಯಿತು, ಅದರಲ್ಲಿ ಬಿದ್ದದ್ದು ಉಪ್ಪು! ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕಲ್ಲುಪ್ಪು. ಹಿಂದಿನ ದಿನವಷ್ಟೇ ಯಜಮಾನರು ಪ್ಯಾಕೆಟ್ಟಿನ ಪುಡಿಯುಪ್ಪು ತಂದು ಸಕ್ಕರೆ ಡಬ್ಬದ ಜೋಡಿ ಡಬ್ಬಕ್ಕೆ ಸುರಿದಿದ್ದರು.

“ಚಿಕ್ಮಾವ, ದೇವರಾಣೆ ಬೇಕು ಅಂತ ಹಾಕಿದ್ದಲ್ಲ!” ಎಂದೆ. ಧಾರಾವಾಹಿಯ ಹೆಂಡತಿ ಹೇಳಿದ್ದೂ ಅಕ್ಷರಶಃ ಇದನ್ನೇ. ಅವರು ತಲೆಯಾಡಿಸಿದರು. ನನ್ನ ಸಿಟ್ಟೆಲ್ಲ ಯಜಮಾನರ ಮೇಲೆ ತಿರುಗಿತು. “ಆ ಡಬ್ಬಕ್ಕೆ ಉಪ್ಪು ಹಾಕಿ ಅಂತ ಯಾರು ಹೇಳಿದ್ದು ನಿಮಗೆ?” “ರುಚಿ ನೋಡದೆ ಕೊಟ್ಟೋಳು ನೀನು, ನನ್ನನ್ನ್ಯಾಕೆ ಕೇಳ್ತೀಯ?” ಎಂದರು ಅವರು. ಜಗಳ ಕಾವೇರಿತು. ನೋಡಿದರೆ ಚಿಕ್ಕಮಾವ ಗೋಡೆಗೊರಗಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡುತ್ತಿದ್ದಾರೆ. ಇಬ್ಬರೂ ಗಪ್ಪನೆ ನಿಲ್ಲಿಸಿದೆವು. ಮಾತು ಮರೆತ ನಾಟಕದವರ ಹಾಗೆ ನಿಂತೆವು. ಅದು ಇನ್ನೂ ಕೆಟ್ಟದಾಯಿತು.

ಆಗಲೇ ಬಾಗಿಲಲ್ಲಿ ಮನೆಯ ಮಾಲೀಕರು, ಮರದ ಕೆಲಸದ ಬಾಷಾ ಸಾಬರು, ಪ್ರತ್ಯಕ್ಷರಾದರು. “ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಮಳೆಗೆ ಮುಂಚೆ ಹೆಂಚು ಬದಲಾಯಿಸಬೇಕು. ಮುಂದ್ಗಡೆ ರೂಮು ಖಾಲಿ ಮಾಡಿಕೊಡಿ.” ಚಿಕ್ಕಮಾವ ಮಲಗುತ್ತಿದ್ದದ್ದು ಆ ರೂಮಿನಲ್ಲೇ. ಬೇಡ ಬೇಡವೆಂದು ನಾನು ಕೈಸನ್ನೆ ಮಾಡಿದೆ. “ಇವತ್ತೇ ಅಲ್ಲ, ನಾಳೆಯಾದ್ರೂ ಪರವಾಗಿಲ್ಲ” ಎಂದು ಸಾಬರು ಉದಾರವಾಗಿ ಹೇಳಿದರು. ಯಜಮಾನರು ಅವರಿಗೆ ಕಣ್ಣು ಹೊಡೆದರು. ಚಿಕ್ಕಮಾವ ಅದನ್ನೂ ನೋಡಿದರು.

ನೋಡಿ, ಎದ್ದು ಒಳಗೆ ಹೋದವರು ತಮ್ಮ ಕೈಚೀಲ, ಛತ್ರಿ, ಹೊದಿಕೆ ಎಲ್ಲ ಹಿಡಿದು ಹೊರಬಂದರು. ನನಗೆ ಅಳು ತಡೆಯಲಾಗಲಿಲ್ಲ. ಚೀಲ ಹಿಡಿದುಕೊಂಡು, “ನೀವು ಹೋದ್ರೆ ನಾನು ಊಟ ಮುಟ್ಟಲ್ಲ ಚಿಕ್ಮಾವ” ಎಂದು ಬಿಕ್ಕಿದೆ.

“ಎಲ್ಲಿಗವ್ವ ಓಗ್ಲಿ? ಬುಡು ಚೀಲವ, ಒಳಮನೆಗೆ ಇಕ್ತೀನಿ. ಸಾಬ್ರು ರೂಮು ಕೇಳ್ತಾವ್ರಲ್ಲ” ಎಂದರು. ಆಮೇಲೆ ಬೋಳು ವಸಡು ಪೂರ್ತಿ ಕಾಣುವ ಹಾಗೆ ನಗತೊಡಗಿದರು. “ರಾತ್ರಿ ನಾನು ಸಪ್ಪಗಿದ್ದೆ ಅಂತ ಎಲ್ಲಾರೂ ಸೇರಿ ಎಷ್ಟು ಚೆಂದಾಗಿ ಆಡಿದ್ರಿ! ಸಾಬ್ರನ್ನೂ ಸೇರಿಸ್ಕಂಡಿದ್ದೀರಲ್ಲ! ಆದ್ರೆ ಲೇ ಮಾದೇವ, ಈ ಅಳೋದು ಟೀವಿನಾಗಿರ್ನಿಲ್ಲ ಕಣ್ಲಾ. ಇದು ನಿನ್ನೆಂಡ್ತಿ ಸೇರಿಸಿದ್ದು!”

ಏನೂ ಅರ್ಥವಾಗದೆ ನಿಂತಿದ್ದ ಸಾಬರ ಭುಜ ತಟ್ಟಿ ಕೂರಿಸಿ, “ಇವ್ರಿಗೂ ಅದೇ ಕಾಫಿ ಕೊಡವ್ವ” ಎಂದರು ಚಿಕ್ಕಮಾವ.

ಒಳಮನೆಯಲ್ಲಿ ಅವರು ಇನ್ನಷ್ಟು ದಿನ ಇದ್ದರು. ಹಲ್ಲು ಬಂತು, ಕೂತಿತು, ಕೋಳಿಯೂ ಆಯಿತು. ಊರಿಗೆ ಹೋದವರು ಈ ಕಥೆಯನ್ನು ಬೀದಿಯಿಡೀ ಹಂಚಿದರು. ಅಲ್ಲಿಂದೀಚೆಗೆ ರಾವಂದೂರಿಗೆ ಹೋದಾಗಲೆಲ್ಲ, ಕೈಕಾಲು ತೊಳೆಯುವ ಮೊದಲೇ “ಆ ಉಪ್ಪಿನ ಕಾಫಿದು ಏಳವ್ವ” ಎಂದು ಬೀದಿಯವರೆಲ್ಲ ಸುತ್ತ ಕೂರುತ್ತಾರೆ. ಚಿಕ್ಕಮಾವನ ಸಂತೋಷ ಕೆಡಿಸಲಾರದೆ ನಾನೂ ಬೇಕೆಂದೇ ಹಾಕಿದೆ ಎಂದು ಹೇಳುತ್ತೇನೆ. ಒಂದೊಂದು ಸಲ ಒಂದೊಂದು ಚಮಚ ಹೆಚ್ಚೂ ಹಾಕುತ್ತೇನೆ. ಮೊನ್ನೆ ಬಸ್ಸಿನಲ್ಲಿ ವಾಪಸು ಬರುವಾಗ ಯಜಮಾನರು ಮೆಲ್ಲಗೆ, “ನಿಜ ಹೇಳು, ಅವತ್ತು ಬೇಕು ಅಂತ ಹಾಕಿದ್ದಾ?” ಎಂದು ಕೇಳಿದರು. ಛೇ, ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಇಷ್ಟು ವರ್ಷ ಅಷ್ಟು ಚೆನ್ನಾಗಿ ಹೇಳಿಕೊಂಡು ಬಂದಿದ್ದೇನಲ್ಲ, ನನಗೇ ಖಾತ್ರಿಯಿರಲಿಲ್ಲ.