ಜೋಪಾನಕ್ಕೆ ಕೊಟ್ಟ ಗಡಿಗೆ

ಎಳ್ಳಮಾವಾಸ್ಯೆ ಹಬ್ಬ ಮುಗಿದ ಮೂರನೆಯ ದಿನ, ಮಂಗಳವಾರ, ಬೆಳಗಿನ ಹತ್ತು ಗಂಟೆ. ಬಿಳಿಜೋಳದ ತೆನೆ ಹಾಲುಗಟ್ಟುವ ಕಾಲ. ಚಳಿ ಇನ್ನೂ ಬಿಸಿಲನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಮಸ್ಕಿಯಲ್ಲಿ ನೆಲದಡಿ ಸಿಕ್ಕ ಪುರಾತನ ಸಾಮಾನು ಇಟ್ಟ ಕೋಣೆ ಕಾಯುವ ಮುದುಕಪ್ಪನ ಕೈಗೆ ಟಪಾಲಿನವನು ಒಂದು ಕಾಗದ ಕೊಟ್ಟು ಹೋದ. ಗದ್ದಲವೆಲ್ಲ ಹುಟ್ಟಿದ್ದು ಆ ಕಾಗದದಿಂದಲೇ.

ಮುದುಕಪ್ಪನಿಗೆ ಓದು ಬಾರದು. ಪಕ್ಕದ ಕಟಿಂಗ್ ಅಂಗಡಿಯ ನರಸಣ್ಣ ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು ಬಂದು ಓದಿದ.

"ನಮ್ಮ ಭಾಗದ ವಸ್ತುಸಂಗ್ರಹಾಲಯಗಳ ಸಂಘದವರಂತ. ಇವತ್ತ ಮಧ್ಯಾಹ್ನ ಬರ್ತಾರಂತ. ಸಾಮಾನು ನೋಡಿ, ಫೋಟೋ ಹೊಡದು, ಏನ್ ಬೇಕೋ ಅದನ್ನ ಕೊಡ್ತಾರಂತ. ಅದೂ ಪುಕಟ!"

ಪುಕಟ ಎಂಬ ಮಾತು ಮುದುಕಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅವನ ಅಪ್ಪನ ಕಾಲದಲ್ಲಿ ಯಾರೋ ಒಬ್ಬ ಬಂದು, ತೊಳೆದು ತರುತ್ತೇನೆಂದು ಒಂದು ಕೆತ್ತನೆಯ ಕಲ್ಲು ಒಯ್ದಿದ್ದ. ನಲವತ್ತು ವರ್ಷವಾಯಿತು, ಇನ್ನೂ ತೊಳೆಯುತ್ತಿದ್ದಾನೆ.

ಎದುರಿನ ಬಳೆ ಅಂಗಡಿಯಿಂದ ಮಾಬುಬೀ ಕೂಗಿದಳು: "ಕೋಳಿಗೆ ಕಾಳು ಹಾಕೋರು ಯಾತಕ್ಕ ಹಾಕ್ತಾರ ಚಾಚಾ? ವಿಚಾರ ಮಾಡ್ರಿ."

ಮುದುಕಪ್ಪ ವಿಚಾರ ಮಾಡಿದ. ಕೋಣೆಯಲ್ಲಿದ್ದದ್ದು ಒಂಬತ್ತು ಸಾಮಾನು. ಬೂದುಬಣ್ಣದ ಗಡಿಗೆ ಮಾಬುಬೀಗೆ, ಕಲ್ಲಿನ ಕೊಡಲಿ ನರಸಣ್ಣನಿಗೆ, ಮಣಿಸರ, ಅರೆಯುವ ಕಲ್ಲು ಮತ್ತೆ ಉಳಿದವು ಓಣಿಯ ಏಳು ಮನೆಗೆ ಜೋಪಾನಕ್ಕೆ ಕೊಟ್ಟ. ಒಬ್ಬೊಬ್ಬರಿಗೂ ಕೈಮುಗಿದು ಹೇಳಿದ:

"ಆ ಮಂದಿ ಊರು ಬಿಡೋತನ ಯಾರಿಗೂ ಕೊಡಬ್ಯಾಡ್ರಿ. ನನ್ನನ್ನ ಹೆದರಿಸಿ ಕಳಿಸಿದ್ರ ನನಗೂ ಕೊಡಬ್ಯಾಡ್ರಿ!"

ನರಸಣ್ಣ ಕತ್ತಿ ಮುಟ್ಟಿ ಆಣೆ ಇಟ್ಟ. ಮಾಬುಬೀ ಮುಗಿಲು ನೋಡಿ ಆಣೆ ಇಟ್ಟಳು.

ಮಧ್ಯಾಹ್ನ ಲಿಂಗಸುಗೂರಿನ ಬಸ್ಸಿನಿಂದ ತನಗಿಂತ ದೊಡ್ಡ ಚೀಲ ಹೊತ್ತು ಒಬ್ಬಳೇ ಹೆಂಗಸು ಇಳಿದಳು. ಸಂಘದ ಪದ್ಮಾವತಿ. ಕೋಣೆಯೊಳಗೆ ಹೋಗಿ ನೋಡಿದರೆ ಹಲಗೆಗಳ ಮೇಲೆ ಒಂದು ಹಲ್ಲಿ ಬಿಟ್ಟರೆ ಏನಿಲ್ಲ.

"ಮುದುಕಪ್ಪನವರ, ಸಾಮಾನು ಎಲ್ಲದಾವ್ರಿ?"

"ತೊಳಿಯಾಕ ಕೊಟ್ಟೀನ್ರಿ."

"ಅಯ್ಯ ಶಿವನೇ! ಅಷ್ಟು ಹಳೇ ಗಡಿಗಿ ಯಾರರ ತೊಳೀತಾರೇನ್ರಿ?" ಪದ್ಮಾವತಿ ತಲೆಯ ಮೇಲೆ ಕೈ ಹೊತ್ತು ಹೊಸ್ತಿಲಲ್ಲೇ ಕುಂತಳು. "ನೋಡ್ರಿ ಯಜಮಾನ್ರ, ನಾನೂ ನಿಮ್ಮಂಗ ಒಂದು ಕೋಣಿ ಕಾಯಾಕಿ. ಕಾಯೋರು, ಚೀಟಿ ಬರಿಯೋರು, ಧೂಳ ಹೊಡಿಯೋರು ಕೂಡಿ ಮಾಡ್ಕೊಂಡ ಸಂಘ ಇದು. ಒಬ್ಬರ ಕೋಣಿಗೆ ಗೆದ್ದಲ ಹತ್ತಿದ್ರ ಇನ್ನೊಬ್ಬರು ಔಷಧ ತರ್ತೀವಿ. ನಿಮ್ಮ ಕೋಣಿನ ಗೊಬ್ಬರದ ಗೋದಾಮು ಮಾಡಾಕ ಅರ್ಜಿ ಹೋಗೈತಿ, ಗೊತ್ತೇನು? ಇಲ್ಲಿ ಸಾಮಾನು ಅದಾವಂತ ಇವತ್ತ ಸಂಜೀ ಒಳಗ ನಾ ಬರದು ಕಳಿಸಿದ್ರ ಸಂಘ ಅಡ್ಡ ನಿಲ್ತೈತಿ. ಇಲ್ಲಂದ್ರ ಕೋಣಿನೂ ಹೋತು, ನಿಮ್ಮ ಕೆಲಸಾನೂ ಹೋತು."

ಮುದುಕಪ್ಪ ಅವಳ ಮುಖ ನೋಡಲಿಲ್ಲ, ಕಾಲು ನೋಡಿದ. ಚಪ್ಪಲಿಯ ಉಂಗುಟಕ್ಕೆ ಮೂರು ಸಲ ಹೊಲಿಗೆ ಬಿದ್ದಿತ್ತು. ಕಳ್ಳರು ಇಂಥ ಚಪ್ಪಲಿ ಮೆಟ್ಟುವುದಿಲ್ಲ ಎಂದು ಎದ್ದು ಓಡಿದ.

"ಮಾಬುಬೀ, ಗಡಿಗಿ ಕೊಡವ್ವಾ, ಲಗೂನ."

"ಯಾವ ಗಡಿಗಿ?" ಮಾಬುಬೀ ಕಣ್ಣು ಹೊಡೆದಳು.

"ನಾನ ಕೊಟ್ಟಿದ್ದು! ಆ ಹೆಣ್ಣಮಗಳು ಚಲೋ ಅದಾಳ!"

"ಪಾಪ, ಚಾಚಾನ್ನ ಭಾಳ ಹೆದರಿಸ್ಯಾರ," ಎಂದು ಮಾಬುಬೀ ಕಣ್ಣೊರೆಸಿಕೊಂಡು ಗಡಿಗೆಯನ್ನು ಬಳೆಪೆಟ್ಟಿಗೆಯ ಹಿಂದಕ್ಕೆ ಇನ್ನೂ ಒಂದು ಮೊಳ ಸರಿಸಿದಳು.

ನರಸಣ್ಣ ಇನ್ನೂ ಹುಷಾರು. ಮುದುಕಪ್ಪನ ಕಿವಿಯ ಹತ್ತಿರ ಬಂದು, "ಬಾಯಿ ಬಿಡಬ್ಯಾಡಲೇ. ಎಷ್ಟು ಮಂದಿ ಬಂದಾರ? ಒಬ್ಬರಿಗೆ ಒಂದರಂಗ ಕೆಮ್ಮು," ಎಂದ.

ಚಳಿಗಾಲದ ಎದೆ; ಓಡಿ ಬಂದ ದಣಿವು ಬೇರೆ. ತಡೆಯಲು ಹೋದಷ್ಟೂ ಕೆಮ್ಮು ಬಂತು, ಆರು ಸಲ.

"ಆರು ಮಂದಿ!" ನರಸಣ್ಣ ಗಿರಾಕಿಯನ್ನು ಸೋಪಿನ ನೊರೆ ಸಮೇತ ಒಳಗೇ ಕೂಡಿಹಾಕಿ ಶಟರ್ ಎಳೆದುಕೊಂಡ. ಶಟರ್ ಸದ್ದಿಗೆ ಓಣಿಯ ಉಳಿದ ಏಳು ಬಾಗಿಲೂ ಮುಚ್ಚಿದವು.

ಬಿಸಿಲು ಇಳಿಯುತ್ತಿತ್ತು. ಅವಳು ಹೋಗುವ ತನಕ ಇವರು ಕೊಡುವುದಿಲ್ಲ, ಇವರು ಕೊಡುವ ತನಕ ಅವಳು ಬರೆಯುವಂತಿಲ್ಲ. ಮುದುಕಪ್ಪ ನಡುವೆ ನಿಂತು ಬೀಸುಕಲ್ಲಿಗೆ ಸಿಕ್ಕ ಕಾಳಿನಂತಾದ. ಕೊನೆಗೆ ಪದ್ಮಾವತಿಯೇ ಶಟರ್ ಬಡಿದಳು.

"ಅಣ್ಣಾರ, ಕೊಡಬ್ಯಾಡ್ರಿ. ಬರೇ ತೋರಸ್ರಿ."

ಒಳಗೆ ಕತ್ತಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ನರಸಣ್ಣನ ದನಿ: "ಕೊಡಬ್ಯಾಡ ಅಂದಾನ. ತೋರಿಸಬ್ಯಾಡ ಅಂದಿಲ್ಲ."

ಶಟರ್ ಮೊಳದಷ್ಟು ಎದ್ದಿತು, ಕೊಡಲಿಯ ಮೂತಿ ಹೊರಗೆ ಬಂತು. ಮಾಬುಬೀ ಗಡಿಗೆಯನ್ನು ಹಾಲು ಕುಡಿಯುವ ಕೂಸಿನಂತೆ ಎದೆಗವಚಿ, ಸೆರಗು ಸರಿಸಿ ತೋರಿಸಿ, ದೃಷ್ಟಿಯಾದೀತೆಂದು ಮತ್ತೆ ಮುಚ್ಚಿದಳು. ಒಂಬತ್ತು ಬಾಗಿಲಿಗೂ ಹೋಗಿ ಪದ್ಮಾವತಿ ಫೋಟೋ ಹೊಡೆದಳು, ಬರೆದುಕೊಂಡಳು, ಮೊಬೈಲಿನಿಂದಲೇ ಸಂಘಕ್ಕೆ ಕಳಿಸಿದಳು. ಮುದುಕಪ್ಪನಿಗೆ ಹೋದ ಜೀವ ಬಂತು.

"ಕೋಣಿ ಉಳೀತಲ್ರಿ, ಮೇಡಂ?"

"ಹದಿನಾಲ್ಕು ಊರು ನೋಡೀನಿ ಯಜಮಾನ್ರ, ಹಿಂಗ ಕಾಯೋ ಮಂದಿನ ಎಲ್ಲೂ ಕಂಡಿಲ್ಲ," ಎಂದಳು ಪದ್ಮಾವತಿ, ಕಣ್ಣಲ್ಲಿ ನೀರು ತಂದುಕೊಂಡು. "ಸಾಮಾನು ಇವರ ಮನ್ಯಾಗ ಇರಲಿ ಅಂತ ಬರದೀನಿ. ಸಂಘದವರು ಆಗಲೇ ಹೂಂ ಅಂದಾರ. ಒಂಬತ್ತೂ ಮನಿಗೆ ಗಾಜಿನ ಪೆಟ್ಟಿಗಿ ಬರ್ತಾವ."

"ಮತ್ತ ಕೋಣಿ?"

"ಖಾಲಿ ಕೋಣಿಗೆ ಹೆಂಗ ಅಡ್ಡ ನಿಂದ್ರೂದ್ರಿ? ಗೊಬ್ಬರ ಇಟ್ಕೊಳ್ಳಲಿ. ನಿಮ್ಮ ಕೆಲಸಕ್ಕ ಏನೂ ಧಕ್ಕಿ ಇಲ್ಲ. ದಿನಾ ಮುಂಜಾನೆ ಒಂಬತ್ತೂ ಮನಿಗೆ ಹೋಗಿ ಧೂಳ ಹೊಡೀರಿ."

ಶಟರ್ ಈಗ ಪೂರ್ತಿ ಎದ್ದಿತ್ತು. ನರಸಣ್ಣ ಕೊಡಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುದುಕಪ್ಪನನ್ನು ಮೇಲಿಂದ ಕೆಳಗೆ ನೋಡಿದ.

"ಬರೋ ಮುಂದ ಕೈ ತೊಳಕೊಂಡ ಬಾ. ಹೋಗೋ ಮುಂದ ಕಿಸೆ ತೋರಿಸಿ ಹೋಗು. ಬ್ಯಾಸರ ಮಾಡ್ಕೋಬ್ಯಾಡ, ಈ ಕಾಲದಾಗ ಯಾರನ್ನೂ ನಂಬಂಗಿಲ್ಲ."

ಪದ್ಮಾವತಿ ಐದರ ಬಸ್ಸಿಗೆ ಸಿಂಧನೂರಿಗೆ ಹೋದಳು, ಅದೇ ಮಂಗಳವಾರ. ಆಣೆಯ ಗಡುವು ಮುಗಿದರೂ ಸಾಮಾನು ಮಾತ್ರ ಯಾರೂ ಮರಳಿ ಕೊಡಲಿಲ್ಲ. ಗೊಬ್ಬರದ ಲಾರಿ ಗುರುವಾರ ಬಂತು. ಮುದುಕಪ್ಪ ಕೋಣೆ ಬಿಟ್ಟದ್ದು ಅವತ್ತೇ.