ಹಳಸಿದ ಗಂಜಿಯ ಪಾಠ

ಬ್ಯಾಕ್ಟೀರಿಯಾವನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಮನುಷ್ಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅದಕ್ಕೆ ಮೇಲಧಿಕಾರಿಯಿಲ್ಲ, ವರ್ಗಾವಣೆಯಿಲ್ಲ. ಅನ್ನ ಕಂಡಲ್ಲೇ ಸಂಸಾರ ಹೂಡುತ್ತದೆ. ನನಗೆ ಆ ಭಾಗ್ಯವಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ಹೆಂಡತಿ ಗಿರಿಜೆ ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಮದುವೆಯಾಗಿ ಮೂರು ವರ್ಷವಾದರೂ ನಮ್ಮ ದಾಂಪತ್ಯವೆಲ್ಲ ಬಸ್ ಸ್ಟ್ಯಾಂಡಿನಲ್ಲೇ ನಡೆದಿತ್ತು. ಸೊರಬಕ್ಕೆ ವರ್ಗ ಸಿಗಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಿ ನಾಲ್ಕು ಒಳ್ಳೆಯ ಮಾತು ಬರೆಯಬೇಕಿತ್ತು.

ಸಾಹೇಬರು ಸೋಮವಾರ ಬರುತ್ತಾರೆಂದು ತಿಳಿದಾಗ, ಬ್ಯಾಕ್ಟೀರಿಯಾ ಹೇಗೆ ಉಣ್ಣುತ್ತದೆಂದು ತೋರಿಸಲು ನಿರ್ಧರಿಸಿದೆ. "ಬಾಯೇ ಇಲ್ದಿದ್ದು ಉಣ್ಣೋದು ಹೆಂಗ್ರೀ?" ಎಂದು ನಮ್ಮ ಕನ್ನಡ ಪಂಡಿತರು ನಕ್ಕರು. ಗಂಜಿಯ ಪಿಷ್ಟ ಇಡಿಯಾಗಿ ಬ್ಯಾಕ್ಟೀರಿಯಾದ ಒಳಗೆ ಹೋಗುವುದಿಲ್ಲ. ಮೊದಲು ಹೊರಗೇ ಒಂದು ರಸ ಬಿಟ್ಟು ಅದನ್ನು ಸಕ್ಕರೆಯಾಗಿ ಒಡೆಯುತ್ತದೆ, ಆಮೇಲೆ ಆ ಚೂರುಗಳನ್ನು ತನ್ನ ಗೋಡೆ ದಾಟಿಸಿ ಒಳಗೆ ಸಾಗಿಸಿಕೊಳ್ಳುತ್ತದೆ. ಅಯೋಡಿನ್ ಹನಿಸಿದರೆ ಹೊಸ ಗಂಜಿ ನೀಲಿಯಾಗುತ್ತದೆ. ಬ್ಯಾಕ್ಟೀರಿಯಾ ಉಂಡು ಮುಗಿಸಿದ್ದು ಆಗುವುದಿಲ್ಲ. ತೆಳು ಗಂಜಿಗೆ ಚಿಟಿಕೆ ಮಣ್ಣು ಹಾಕಿ, ಬಟ್ಟಲಿಗೆ ಚೀಟಿ ಅಂಟಿಸಿ, ನಾಲ್ಕು ದಿನ ಅಡುಗೆಮನೆಯ ಮೂಲೆಯಲ್ಲಿಟ್ಟು ಮಗುವನ್ನು ಕಾದಂತೆ ಕಾದೆ. ಶನಿವಾರ ಬಂದಿದ್ದ ಗಿರಿಜೆ ನನ್ನ ಸಹಾಯಕ್ಕೆಂದು ಸೋಮವಾರ ರಜೆ ಹಾಕಿ ಉಳಿದಿದ್ದಳು. ಇನ್ನೊಂದು ಬಟ್ಟಲಿಗೆ ಹೊಸ ಗಂಜಿ ಹಾಕಿಡು ಎಂದು ಅವಳಿಗೆ ಹೇಳಿ ಸ್ನಾನಕ್ಕೆ ಹೋದೆ. ಬಂದಾಗ ಎರಡೂ ಬಟ್ಟಲು ಮುಚ್ಚಿ ಸಿದ್ಧವಾಗಿದ್ದವು. ನಾರಬೇಕಾದ ಗಂಜಿ ನಾರುತ್ತಿಲ್ಲವೆಂಬುದು ವಿಜ್ಞಾನದ ಮೇಷ್ಟರ ಮೂಗಿಗೆ ತಿಳಿಯಲಿಲ್ಲ.

ತರಗತಿಯಲ್ಲಿ ದೊಡ್ಡ ಪೀಠಿಕೆ ಹಾಕಿ ಅಯೋಡಿನ್ ಹನಿಸಿದೆ. ಹೊಸ ಗಂಜಿ ನೀಲಿಯಾಯಿತು. ಚೀಟಿ ಅಂಟಿಸಿದ ಬಟ್ಟಲಿಗೂ ಹನಿಸಿದೆ. ಅದು ಇನ್ನೂ ಚೆಂದಾಗಿ ನೀಲಿಯಾಯಿತು.

"ಏನ್ರೀ ಮೇಷ್ಟ್ರೇ, ನಿಮ್ಮ ಬ್ಯಾಕ್ಟೀರಿಯಾಕ್ಕೆ ಇವತ್ತು ಏಕಾದಶಿಯೇನ್ರೀ?" ಎಂದರು ಸಾಹೇಬರು. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಿದ್ಧತೆ ಸಾಲದು, ಇವರು ಇನ್ನೂ ಕೆಲವು ಕಾಲ ಇಲ್ಲಿಯೇ ಇದ್ದು ಅನುಭವ ಪಡೆಯುವುದು ಒಳ್ಳೆಯದು ಎಂದು ಬರೆದು ಸಾಹೇಬರು ಹೊರಟುಹೋದರು.

ಮನೆಗೆ ಬಂದು ಗಿರಿಜೆಯನ್ನು ಕೇಳಿದೆ. ಅವಳು ಹೆಮ್ಮೆಯಿಂದಲೇ ಹೇಳಿದಳು: "ಆ ಗಂಜಿ ಹಳಸಿ ನಾರ್ತಿತ್ತು. ಪರಸ್ಥಳದಿಂದ ಬಂದ ಸಾಹೇಬ್ರ ಮುಂದೆ ಅದನ್ನ ಇಡೋದೇನ್ರೀ? ನಿಮ್ಮ ಮರ್ಯಾದೆ ಏನಾಗ್ಬೇಕು? ಚೆಲ್ಲಿ, ಬಟ್ಟಲು ತಿಕ್ಕಿ, ಚೀಟಿ ಮತ್ತೆ ಅಂಟಿಸಿ, ಎರಡಕ್ಕೂ ಹೊಸ ಗಂಜೀನೇ ಹಾಕ್ದೆ."

ಸಾಹೇಬರ ಮುಂದೆ ನುಂಗಿಕೊಂಡಿದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ವರ್ಗ ಮಣ್ಣುಪಾಲಾಯಿತೆಂದು ಕೂಗಾಡಿದೆ. ಅದು ನಾಲ್ಕು ದಿನದ ಪ್ರಯೋಗವೆಂಬುದೂ ತಿಳಿಯಲಿಲ್ಲವೇ ಎಂದೆ. ಅವಳ ಮುಖ ಇಳಿದುಹೋಯಿತು. ಅವಳು ಅಂದಳು: "ಬೆಳಗ್ಗೆ ಕೇಳಿದ್ನಲ್ರೀ, ಅದೇನು ಅಂತ. ನಿಂಗೆ ತಿಳಿಯೋದಿಲ್ಲ ಬಿಡು ಅಂದ್ರಿ."

ಅಂದಿದ್ದೆ. ಅವಳು ಸಂಜೆಯ ಬಸ್ಸಿಗೆ ಸೊರಬಕ್ಕೆ ಹೋದಳು. ನನಗೆ ವರ್ಗವಾಗಲು ಮತ್ತೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೂ ಪ್ರತಿ ಶನಿವಾರ ತಪ್ಪದೆ ಬಂದಳು, ಅಡುಗೆ ಮಾಡಿದಳು, ಬಡಿಸಿದಳು. ಆದರೆ ನನ್ನ ಯಾವ ವಸ್ತುವನ್ನು ಕಂಡರೂ ಅದೇನು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.